ಇಂಡಕ್ಷನ್ ಒಲೆ ಅತಿಯಾಗಿ ಬಿಸಿಯಾದರೆ...

ಚಿತ್ರದುರ್ಗ: ಕೋಟೆನಾಡಿನ ಬಿರುಬೇಸಿಗೆ ಹಾಗೂ ಧೂಳು ಇಂಡಕ್ಷನ್ ಒಲೆಗೂ ಪರೀಕ್ಷೆಯೇ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಅಡುಗೆಮನೆಗಳಲ್ಲಿ ಅನ್ನ ಬೇಯುವ ಮುನ್ನವೇ ಒಲೆ ‘ಬೀಪ್’ ಎಂದು ನಿಂತರೆ ಕೆಟ್ಟಿತೆಂದು ತೀರ್ಮಾನಿಸಬೇಕಿಲ್ಲ. ಒಳಗಿನ ಸೆನ್ಸರ್ ಅತಿ ತಾಪವನ್ನು ಗ್ರಹಿಸಿ ಒಲೆಯನ್ನು ಸ್ಥಗಿತಗೊಳಿಸಿರಬಹುದು.

ಈ ಒಲೆಯಲ್ಲಿ ಬೆಂಕಿಯಿಲ್ಲ. ಗಾಜಿನಡಿಯ ತಾಮ್ರದ ಸುರುಳಿ ಉಂಟುಮಾಡುವ ಕಾಂತಕ್ಷೇತ್ರದಿಂದ ಪಾತ್ರೆಯ ತಳವೇ ಕಾಯುತ್ತದೆ. ಸುರುಳಿ ಹಾಗೂ ಸರ್ಕಿಟ್‌ನ ಬಿಸಿಯನ್ನು ಪುಟ್ಟ ಫ್ಯಾನ್ ಹೊರಹಾಕುತ್ತದೆ. ಅದರ ಕಿಂಡಿಗೆ ಧೂಳು, ಒಗ್ಗರಣೆಯ ಜಿಡ್ಡು ಕಟ್ಟಿದರೆ ಅಥವಾ ಒಲೆಯನ್ನು ಗೋಡೆಗೆ ಒತ್ತಿ ಇಟ್ಟರೆ ಗಾಳಿ ಆಡದು.

ಅಡುಗೆ ಮುಗಿದೊಡನೆ ಪ್ಲಗ್ ಕೀಳದೆ, ಫ್ಯಾನ್ ನಿಂತ ಮೇಲೆ ತೆಗೆಯಬೇಕು. ಒಲೆ ತಣಿದ ಬಳಿಕ ಕಿಂಡಿಗಳನ್ನು ಒಣ ಬ್ರಷ್‌ನಿಂದ ಶುಚಿಗೊಳಿಸಬೇಕು. ಖಾಲಿ ಪಾತ್ರೆ ಕಾಯಿಸಬಾರದು. ಅಯಸ್ಕಾಂತ ಅಂಟುವ, ಚಪ್ಪಟೆ ತಳದ ಪಾತ್ರೆಯನ್ನೇ ಬಳಸಬೇಕು.

ಪ್ಲಗ್ ಬಿಸಿಯಾಗುತ್ತಿದ್ದರೆ ಕಾರಣ ಬೇರೆ. 2,000 ವ್ಯಾಟ್‌ನ ಒಲೆ 230 ವೋಲ್ಟ್‌ನಲ್ಲಿ ಸುಮಾರು 9 ಆಂಪಿಯರ್ ವಿದ್ಯುತ್ ಎಳೆಯುತ್ತದೆ. 6 ಆಂಪಿಯರ್ ಸಾಕೆಟ್ ಇದನ್ನು ತಾಳದೆ ಕರಗಬಹುದು. 16 ಆಂಪಿಯರ್ ಸಾಕೆಟ್ ಅಗತ್ಯ.

ಫ್ಯಾನ್ ತಿರುಗದಿದ್ದರೆ, ಸುಟ್ಟ ವಾಸನೆ ಬಂದರೆ ಅಥವಾ ಗಾಜು ಬಿರುಕುಬಿಟ್ಟರೆ ಬಳಕೆ ನಿಲ್ಲಿಸಿ, ತಂತ್ರಜ್ಞರಿಗೆ ತೋರಿಸುವುದೇ ಕ್ಷೇಮ.