ಬೂಕನಕೆರೆಯ ಮಗ, ಶಿಕಾರಿಪುರದ ಪ್ರತಿನಿಧಿ

ಕೃಷ್ಣರಾಜಪೇಟೆ ತಾಲ್ಲೂಕಿನ ಬೂಕನಕೆರೆಯಿಂದ ನಾಗಮಂಗಲದ ಮಾರ್ಗವಾಗಿ ಹೊರಟು ಮಂಡ್ಯ ಜಿಲ್ಲೆಯ ಗಡಿ ದಾಟಿದರೆ ಕುಣಿಗಲ್ ತಾಲ್ಲೂಕಿನ ಯಡಿಯೂರು ಸಿಗುತ್ತದೆ. ತೋಂಟದ ಸಿದ್ಧಲಿಂಗ ಯತಿಗಳ ಗದ್ದುಗೆಯಿರುವ ಈ ಕ್ಷೇತ್ರಕ್ಕೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳ ನಮ್ಮ ಮನೆತನಗಳು ಭಕ್ತಿಯಿಂದ ನಡೆದುಕೊಳ್ಳುತ್ತ ಬಂದಿವೆ. 27-2-1943ರಂದು ಬೂಕನಕೆರೆಯ ಸಿದ್ಧಲಿಂಗಪ್ಪ, ಪುಟ್ಟತಾಯಮ್ಮ ದಂಪತಿಗಳಿಗೆ ಜನಿಸಿದ ಗಂಡುಮಗುವಿಗೆ ಆ ಕ್ಷೇತ್ರದ ಹೆಸರನ್ನೇ ಇಡಲಾಯಿತು. ತಂದೆಯ ಹೆಸರಿನಲ್ಲಿ ಗುರು, ಮಗನ ಹೆಸರಿನಲ್ಲಿ ಗುರುವಿನ ನೆಲೆ. ಆ ಮಗುವೇ ಮುಂದೆ ನಾಲ್ಕು ಬಾರಿ ಕರ್ನಾಟಕದ ಮುಖ್ಯಮಂತ್ರಿಗಳಾದ ಶ್ರೀ ಬಿ.ಎಸ್. ಯಡಿಯೂರಪ್ಪನವರು.

ನಾಲ್ಕು ವರ್ಷದ ಬಾಲಕನಿದ್ದಾಗಲೇ ತಾಯಿಯನ್ನು ಕಳೆದುಕೊಂಡ ಅವರು ಮಂಡ್ಯದಲ್ಲಿ ಪಿಯುಸಿ ಮುಗಿಸಿದರು. 1965ರಲ್ಲಿ ಸಮಾಜ ಕಲ್ಯಾಣ ಇಲಾಖೆಯಲ್ಲಿ ಗುಮಾಸ್ತರ ಕೆಲಸ ದೊರೆಯಿತು. ಸರ್ಕಾರಿ ಕೆಲಸವೆಂದರೆ ಬದುಕಿಗೆ ಭದ್ರ ಬುನಾದಿಯೆಂದು ಭಾವಿಸುತ್ತಿದ್ದ ಕಾಲವದು. ಅದನ್ನು ತೊರೆದು ದೂರದ ಶಿಕಾರಿಪುರಕ್ಕೆ ತೆರಳಿ, ಅಲ್ಲಿನ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುವ ಕಾಯಕಕ್ಕೆ ನಿಂತರು. 1967ರಲ್ಲಿ ಗಿರಣಿಯ ಮಾಲೀಕರ ಪುತ್ರಿ ಮೈತ್ರಾದೇವಿಯವರ ಕೈಹಿಡಿದರು. ಅಲ್ಲಮಪ್ರಭುವಿನ ಬಳ್ಳಿಗಾವಿ, ಅಕ್ಕಮಹಾದೇವಿಯ ಉಡುತಡಿಗಳಿರುವ ಆ ತಾಲ್ಲೂಕು ಹೀಗೆ ಬೂಕನಕೆರೆಯ ತರುಣನಿಗೆ ಎರಡನೆಯ ತವರಾಯಿತು.

ಅವರ ರಾಜಕೀಯ ಜೀವನ ವಿಧಾನಸೌಧದಲ್ಲಿ ಆರಂಭವಾಗಲಿಲ್ಲ, ಪುರಸಭೆಯಲ್ಲಿ ಆರಂಭವಾಯಿತು. 1970ರ ದಶಕದಲ್ಲಿ ಶಿಕಾರಿಪುರ ಪುರಸಭೆಯ ಸದಸ್ಯರಾಗಿ, ಬಳಿಕ ಅಧ್ಯಕ್ಷರಾಗಿ ಅವರು ದುಡಿದರು. ನಲ್ಲಿಯ ನೀರು, ಚರಂಡಿ, ಬೀದಿದೀಪ ಇವೇ ಪುರಸಭೆಯ ವಿಷಯಗಳು. ಮತ ಹಾಕಿದವನು ಬೆಳಗಾದರೆ ಮನೆಯ ಬಾಗಿಲಿಗೆ ಬಂದು ಕೇಳುವ ಅಧಿಕಾರವದು; ಅಲ್ಲಿ ಭಾಷಣದಿಂದ ಪಾರಾಗಲು ಸಾಧ್ಯವಿಲ್ಲ. ತುರ್ತು ಪರಿಸ್ಥಿತಿಯ ಕಾಲದಲ್ಲಿ ಬಳ್ಳಾರಿ ಮತ್ತು ಶಿವಮೊಗ್ಗದ ಸೆರೆಮನೆಗಳಲ್ಲಿ ದಿನ ಕಳೆದರು. 1983ರಲ್ಲಿ ಶಿಕಾರಿಪುರದ ಜನ ಅವರನ್ನು ಮೊದಲ ಬಾರಿಗೆ ವಿಧಾನಸಭೆಗೆ ಕಳುಹಿಸಿದರು. 1999ರಲ್ಲಿ ಅದೇ ಜನ ಅವರನ್ನು ಸೋಲಿಸಿದರು; 2004ರಲ್ಲಿ ಮತ್ತೆ ಆರಿಸಿದರು.

ಹಣಕಾಸು ಖಾತೆ ಹೊತ್ತ ಉಪಮುಖ್ಯಮಂತ್ರಿಗಳಾಗಿ 2006-07ರಲ್ಲಿ ಅವರು ತಂದ ಭಾಗ್ಯಲಕ್ಷ್ಮಿ ಯೋಜನೆ ಬಡಕುಟುಂಬಗಳ ಹೆಣ್ಣುಮಕ್ಕಳ ಹೆಸರಿನಲ್ಲಿ ಠೇವಣಿ ಇರಿಸಿತು. ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ದೊರೆಯತೊಡಗಿದ್ದೂ ಆಗಲೇ. ದೂರದ ಹೈಸ್ಕೂಲಿಗೆ ನಡೆದು ಹೋಗಬೇಕೆಂಬ ಕಾರಣಕ್ಕೆ ಹೆಣ್ಣುಮಕ್ಕಳ ಓದು ನಿಲ್ಲುತ್ತಿದ್ದ ಹಳ್ಳಿಗಳಿಗೆ ಅದರ ಬೆಲೆ ಗೊತ್ತು. 2011ರಲ್ಲಿ ಕೃಷಿಗೆಂದೇ ಪ್ರತ್ಯೇಕ ಮುಂಗಡಪತ್ರ ಮಂಡಿಸಿದರು.

ಏರಿದವರ ಇಳಿತವನ್ನೂ ಹೇಳದಿದ್ದರೆ ಬರಹ ಅಪೂರ್ಣವಾಗುತ್ತದೆ. 2007, 2008, 2018, 2019 ಹೀಗೆ ನಾಲ್ಕು ಬಾರಿ ಪ್ರಮಾಣವಚನ ಸ್ವೀಕರಿಸಿದರೂ ಒಮ್ಮೆಯೂ ಅವಧಿ ಪೂರ್ಣಗೊಳ್ಳಲಿಲ್ಲ. 2011ರಲ್ಲಿ ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತ ವರದಿಯ ಬಳಿಕ ರಾಜೀನಾಮೆ ನೀಡಿದರು. ಅದೇ ವರ್ಷ ಭೂಮಿಗೆ ಸಂಬಂಧಿಸಿದ ಪ್ರಕರಣದಲ್ಲಿ ಸೆರೆಮನೆ ಕಂಡರು. ಗಣಿ ಲಂಚದ ಪ್ರಕರಣದಲ್ಲಿ 2016ರಲ್ಲಿ ಸಿಬಿಐ ವಿಶೇಷ ನ್ಯಾಯಾಲಯ ಅವರನ್ನು ಖುಲಾಸೆಗೊಳಿಸಿತು. 2024ರಲ್ಲಿ ಮತ್ತೊಂದು ಗಂಭೀರ ಆರೋಪದ ಪ್ರಕರಣ ದಾಖಲಾಯಿತು. ಅವರು ಅದನ್ನು ನಿರಾಕರಿಸಿದ್ದಾರೆ. ಅದರ ಸತ್ಯಾಸತ್ಯತೆಯನ್ನು ನಿರ್ಣಯಿಸುವುದು ನ್ಯಾಯಾಲಯದ ಹೊಣೆಯೇ ಹೊರತು ಅಭಿಮಾನಿಗಳದೂ ಅಲ್ಲ, ವಿರೋಧಿಗಳದೂ ಅಲ್ಲ.

ಇಷ್ಟು ಎತ್ತರಕ್ಕೆ ಏರಿದವರ ಪಕ್ಷಕ್ಕೆ ಹುಟ್ಟೂರಿನ ಜಿಲ್ಲೆ ಮಾತ್ರ ಬಹುಕಾಲ ಒಲಿಯಲಿಲ್ಲ. 2019ರ ಡಿಸೆಂಬರಿನ ಉಪಚುನಾವಣೆಯಲ್ಲಿ ಕೆ.ಆರ್. ಪೇಟೆಯಿಂದ ಶ್ರೀ ಕೆ.ಸಿ. ನಾರಾಯಣಗೌಡರು ಗೆದ್ದಾಗ, ಮಂಡ್ಯ ಜಿಲ್ಲೆಯಲ್ಲಿ ಬಿಜೆಪಿ ತನ್ನ ಮೊದಲ ವಿಧಾನಸಭಾ ಸ್ಥಾನವನ್ನು ಪಡೆಯಿತು. 2023ರಲ್ಲಿ ಆ ಸ್ಥಾನವೂ ಕೈತಪ್ಪಿತು. ಹುಟ್ಟೂರಿನ ನಂಟು ಒಮ್ಮೆ ನೆರವಾಗಬಹುದು, ಪ್ರತಿಸಲವೂ ನೆರವಾಗದು.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಸಮಾಜದ ಮನೆಗಳು ಕಡಮೆ. ಸಂಖ್ಯೆಯಿಲ್ಲದ ನಮಗೆ ಸಾರ್ವಜನಿಕ ಜೀವನವೇಕೆ ಎಂದು ತರುಣರನ್ನು ತಡೆಯುವ ಹಿರಿಯರಿದ್ದಾರೆ. ಶಿಕಾರಿಪುರದಲ್ಲಿ ಯಡಿಯೂರಪ್ಪನವರಿಗೆ ಸಮಾಜದ ಬಲವಿತ್ತು, ನಿಜ. ಆದರೆ ಸಮಾಜದ ಬಲವೊಂದೇ ಸಾಕಾಗಿದ್ದರೆ 1999ರ ಸೋಲು ಏಕೆ ಬಂದಿತು? ಗ್ರಾಮ ಪಂಚಾಯಿತಿಯಲ್ಲಿ, ಪುರಸಭೆಯಲ್ಲಿ ನಮ್ಮ ಬೀದಿಯ ನೀರಿನೊಂದಿಗೆ ಪಕ್ಕದ ಕೇರಿಯ ನೀರನ್ನೂ ತನ್ನ ಹೊಣೆಯೆಂದು ತಿಳಿದು ದುಡಿಯುವವನಿಗೆ ಜಾತಿಯ ಲೆಕ್ಕ ಅಡ್ಡಬರಬೇಕಾಗಿಲ್ಲ.

ನಮ್ಮವರು ಎಂಬ ಹೆಮ್ಮೆ ತಪ್ಪಲ್ಲ. ಆದರೆ ನಮ್ಮವರು ಎಂಬ ಕಾರಣಕ್ಕೇ ಒಪ್ಪನ್ನು ಹಿಗ್ಗಿಸಿ ತಪ್ಪನ್ನು ಮುಚ್ಚಿದರೆ, ಕಾಯಕದ ಶುದ್ಧಿಯನ್ನು ಸಾರಿದ ಶರಣರ ಮುಂದೆ ನಾವು ತಲೆ ತಗ್ಗಿಸಬೇಕಾಗುತ್ತದೆ. ಬೂಕನಕೆರೆಯ ಈ ಜೀವನಕಥೆಯನ್ನು ಮಕ್ಕಳಿಗೆ ಹೇಳುವಾಗ ಅದರ ಎರಡೂ ಮುಖಗಳನ್ನು ಹೇಳೋಣ.