ಜೀಬ್ರಾ ಮೀನು

ಆಕಾರದಲ್ಲಿ ಕಿರಿದಾದುದು ಪ್ರಯೋಜನದಲ್ಲಿಯೂ ಕಿರಿದಾಗಿರಬೇಕೆಂದು ಭಾವಿಸುವುದು ತಪ್ಪು. ಗಂಗಾ ಮತ್ತು ಬ್ರಹ್ಮಪುತ್ರಾ ನದಿಗಳ ಬಯಲಿನಲ್ಲಿ, ನಿಧಾನವಾಗಿ ಹರಿಯುವ ತೊರೆಗಳಲ್ಲಿಯೂ ಬತ್ತದ ಗದ್ದೆಗಳ ನೀರಿನಲ್ಲಿಯೂ ವಾಸಿಸುವ ಜೀಬ್ರಾ ಮೀನು ಈ ಮಾತಿಗೆ ಉತ್ತಮ ನಿದರ್ಶನವಾಗಿದೆ. ಇದರ ಉದ್ದ 3ರಿಂದ 4 ಸೆಂಟಿಮೀಟರು ಮಾತ್ರ. ಕಿವಿರಿನ ಬಳಿಯಿಂದ ಬಾಲದವರೆಗೆ ನೀಳವಾಗಿ ಸಾಗುವ ನೀಲಿ ಪಟ್ಟೆಗಳೇ ಇದಕ್ಕೆ ಈ ಹೆಸರನ್ನು ತಂದಿವೆ. ಕಾಟ್ಲಾ, ರೋಹು ಮೊದಲಾದ ಗೆಂಡೆ ಮೀನುಗಳ ಬಳಗಕ್ಕೆ ಸೇರಿದ ಇದು ಕೀಟಗಳನ್ನೂ ಸೊಳ್ಳೆಯ ಮರಿಗಳನ್ನೂ ತಿಂದು ಜೀವಿಸುತ್ತದೆ.

1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ, ಇಲ್ಲಿನ ಬೇಸಾಯ ಮತ್ತು ಕಸುಬುಗಳನ್ನು ವಿವರವಾಗಿ ಬರೆದಿಟ್ಟ ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನು ಮುಂದೆ ಹ್ಯಾಮಿಲ್ಟನ್ ಎಂಬ ಹೆಸರನ್ನು ಧರಿಸಿದನು. ಗಂಗಾನದಿಯ ಮೀನುಗಳನ್ನು ಕುರಿತು 1822ರಲ್ಲಿ ಅವನು ಪ್ರಕಟಿಸಿದ ಗ್ರಂಥದಲ್ಲಿಯೇ ಈ ಮೀನಿನ ಮೊದಲ ಶಾಸ್ತ್ರೀಯ ವರ್ಣನೆ ದೊರೆಯುತ್ತದೆ. ಬಹುಕಾಲದವರೆಗೆ ಇದು ಮನೆಯ ಗಾಜಿನ ತೊಟ್ಟಿಯ ಅಲಂಕಾರವಾಗಿತ್ತೇ ಹೊರತು ವಿಜ್ಞಾನಿಗಳ ಗಮನವನ್ನು ಹೆಚ್ಚಾಗಿ ಸೆಳೆಯಲಿಲ್ಲ.

ಅಮೆರಿಕದ ಒರೆಗಾನ್ ವಿಶ್ವವಿದ್ಯಾನಿಲಯದ ಜಾರ್ಜ್ ಸ್ಟ್ರೈಸಿಂಗರ್ ಎಂಬ ವಿಜ್ಞಾನಿ ಇದರ ಮೇಲೆ ನಡೆಸಿದ ಪ್ರಯೋಗಗಳನ್ನು 1981ರಲ್ಲಿ ಪ್ರಕಟಿಸಿದ ಮೇಲೆ ಇದರ ಮಹತ್ತ್ವ ಎಲ್ಲರಿಗೂ ತಿಳಿಯತೊಡಗಿತು. ಇಲಿಯ ಮರಿ ತಾಯಿಯ ಗರ್ಭದಲ್ಲಿ ಬೆಳೆಯುವುದರಿಂದ ಅದರ ಬೆಳವಣಿಗೆ ನಮ್ಮ ಕಣ್ಣಿಗೆ ಮರೆಯಾಗಿರುತ್ತದೆ. ಜೀಬ್ರಾ ಮೀನಿನ ಮೊಟ್ಟೆಯಾದರೋ ನೀರಿನಲ್ಲಿಯೇ ಫಲಿತವಾಗಿ ಬೆಳೆಯುತ್ತದೆ. ಅದೂ ಅದರೊಳಗಿನ ಭ್ರೂಣವೂ ಗಾಜಿನಂತೆ ಪಾರದರ್ಶಕವಾಗಿರುತ್ತವೆ. ಒಂದು ದಿನದಲ್ಲಿ ತಲೆ, ಬೆನ್ನು, ಬಾಲಗಳು ರೂಪುಗೊಳ್ಳುತ್ತವೆ. ಎರಡನೆಯ ದಿನ ಹೃದಯವು ಮಿಡಿಯುವುದನ್ನೂ ರಕ್ತವು ಹರಿಯುವುದನ್ನೂ ಸೂಕ್ಷ್ಮದರ್ಶಕದಲ್ಲಿ ನೇರವಾಗಿ ನೋಡಬಹುದು. ಹೆಣ್ಣುಮೀನು ಒಮ್ಮೆಗೆ ನೂರಾರು ಮೊಟ್ಟೆಗಳನ್ನಿಡುತ್ತದೆ; ಮರಿಗಳು ಸುಮಾರು 3 ತಿಂಗಳಲ್ಲಿ ಪ್ರೌಢವಾಗುತ್ತವೆ. ಆದುದರಿಂದ ಹಲವು ಪೀಳಿಗೆಗಳನ್ನು ಅಲ್ಪಕಾಲದಲ್ಲಿ ಪರೀಕ್ಷಿಸುವುದು ಸಾಧ್ಯ.

ಮೀನಿಗೂ ಮನುಷ್ಯನಿಗೂ ಏನು ಸಂಬಂಧವೆಂದು ನೀವು ಕೇಳಬಹುದು. ಮನುಷ್ಯನ ಜೀನುಗಳಲ್ಲಿ ಸುಮಾರು ನೂರಕ್ಕೆ 70ರಷ್ಟಕ್ಕೆ ಸಮಾನವಾದ ಜೀನುಗಳು ಈ ಮೀನಿನಲ್ಲಿ ಇವೆಯೆಂದು 2013ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದುಬಂದಿತು. ಆದರೆ ನಮಗಿಲ್ಲದ ಒಂದು ಶಕ್ತಿಯೂ ಇದಕ್ಕುಂಟು. ಹೃದಯಾಘಾತದಿಂದ ನಾಶವಾದ ಮನುಷ್ಯನ ಹೃದಯಸ್ನಾಯು ಮತ್ತೆ ಬೆಳೆಯುವುದಿಲ್ಲ. ಆ ಜಾಗದಲ್ಲಿ ಗಾಯದ ಕಲೆ ಮಾತ್ರ ಉಳಿಯುತ್ತದೆ. ಈ ಮೀನಿನ ಹೃತ್ಕುಕ್ಷಿಯ ಐದನೆಯ ಒಂದು ಭಾಗವನ್ನು ಕತ್ತರಿಸಿ ತೆಗೆದರೂ ಸುಮಾರು 2 ತಿಂಗಳಲ್ಲಿ ಅದು ಪುನಃ ಬೆಳೆಯುವುದೆಂದು 2002ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು. ಈ ಗುಟ್ಟನ್ನು ಪೂರ್ಣವಾಗಿ ಅರಿತರೆ ಹೃದ್ರೋಗಿಗಳಿಗೆ ಹೊಸ ಚಿಕಿತ್ಸೆ ದೊರೆಯಬಹುದೆಂಬುದು ವಿಜ್ಞಾನಿಗಳ ಆಶಯ. ಬೆಂಗಳೂರು, ಹೈದರಾಬಾದು, ದೆಹಲಿಗಳ ಪ್ರಯೋಗಶಾಲೆಗಳಲ್ಲಿಯೂ ಈ ಮೀನನ್ನು ಸಾಕಿ ಸಂಶೋಧನೆ ನಡೆಸುತ್ತಿದ್ದಾರೆ.

ಗದ್ದೆಯ ನೀರಿನ ಈ ಅಲ್ಪಜೀವಿಯಲ್ಲಿ ಇಂತಹ ವಿದ್ಯೆ ಅಡಗಿದೆಯೆಂದು 1822ರಲ್ಲಿ ಯಾರು ತಾನೆ ಊಹಿಸಿದ್ದರು? ಕೆರೆ ತೊರೆಗಳನ್ನು ಕೆಡಿಸಿದರೆ ನಾವು ಇನ್ನೂ ಅರಿಯದ ಎಷ್ಟೋ ಜೀವಿಗಳನ್ನು, ಅವುಗಳೊಡನೆ ಅವು ಕಲಿಸಬಹುದಾದ ಪಾಠಗಳನ್ನು ಕಳೆದುಕೊಳ್ಳುತ್ತೇವೆ. ಉಪಯೋಗ ತಿಳಿಯದೆಂಬ ಕಾರಣದಿಂದ ಯಾವ ಜೀವಿಯನ್ನೂ ನಿರುಪಯುಕ್ತವೆಂದು ಕಡೆಗಣಿಸಲಾಗದು.