ಗಣಕಯಂತ್ರದ ತಂತಿಗಳ ಗುರುತು

ದೊಡ್ಡ ರೇಡಿಯೋ ಇದ್ದ ಮನೆಗಳಲ್ಲಿ ಏರಿಯಲ್ ತಂತಿ ಯಾವುದು, ಭೂಮಿಗೆ ಇಳಿಯುವ ತಂತಿ ಯಾವುದು ಎಂಬುದನ್ನು ಮಕ್ಕಳೂ ಬಲ್ಲವರಾಗಿದ್ದರು. ಈಗ ಮನೆಗೆ ಗಣಕಯಂತ್ರ ಬಂದಿದೆ. ಅದರ ಹಿಂಬದಿಯ ಕಿಂಡಿಗಳನ್ನೂ ತಂತಿಗಳ ಗೋಜಲನ್ನೂ ಕಂಡು ತಾವು ಅಂಜಬೇಕಾಗಿಲ್ಲ. ಪದದ ಕೊನೆಯ ಪ್ರತ್ಯಯದಿಂದ ವಿಭಕ್ತಿಯನ್ನು ತಿಳಿಯುವಂತೆ, ತಂತಿಯ ತುದಿಯಿಂದ ಅದರ ಕೆಲಸವನ್ನು ತಿಳಿಯಬಹುದು.

ಮೊದಲನೆಯದು 1996ರಲ್ಲಿ ಬಂದ ಯು.ಎಸ್.ಬಿ. ಇದರ ಚಪ್ಪಟೆಯಾದ ಆಯತಾಕಾರದ ತುದಿ ಗಣಕಯಂತ್ರಕ್ಕೆ ಸೇರುವುದು. ಮತ್ತೊಂದು ತುದಿ ಚೌಕವಾಗಿದ್ದು ಮೇಲಿನ ಎರಡು ಮೂಲೆಗಳು ಕತ್ತರಿಸಿದಂತಿದ್ದರೆ, ಅದು ಹೆಚ್ಚಾಗಿ ಪ್ರಿಂಟರಿನದು. ಅಂಚು ದುಂಡಾದ ಪುಟ್ಟ ತುದಿ 2014ರ 'ಸಿ' ಮಾದರಿ. ಇದಕ್ಕೆ ಮೇಲು ಕೆಳಗೆಂಬ ಭೇದವಿಲ್ಲ. ಆದರೆ ರೂಪ ಒಂದೇ ಆದರೂ ಗುಣ ಒಂದೇ ಅಲ್ಲ. 'ಸಿ' ತಂತಿಗಳೆಲ್ಲವೂ ಪರದೆಗೆ ಚಿತ್ರವನ್ನು ಒಯ್ಯಲಾರವು.

ಹಳೆಯ ಯಂತ್ರಗಳಲ್ಲಿ ಆರು ಸೂಜಿಗಳ ದುಂಡನೆಯ ತುದಿಗಳುಂಟು. ನೇರಳೆ ಬಣ್ಣದ್ದು ಕೀಲಿಮಣೆಗೆ, ಹಸಿರು ಮೌಸಿಗೆ. ಯಂತ್ರವನ್ನು ಆರಿಸಿಯೇ ಇವನ್ನು ಸೇರಿಸತಕ್ಕದ್ದು. ಸಣ್ಣ ಗುಂಡು ಕಿಂಡಿಗಳಲ್ಲಿ ಹಸಿರು ಧ್ವನಿವರ್ಧಕಕ್ಕೆ, ನಸುಗೆಂಪು ಮೈಕಿಗೆ. ಎಂಟು ಲೋಹದ ಪಟ್ಟಿಗಳೂ ಒಂದು ಕೊಂಡಿಯೂ ಇರುವುದು ಅಂತರಜಾಲದ ತಂತಿ. ದೂರವಾಣಿಯದು ಇದರಂತೆಯೇ ಕಂಡರೂ ಕಿರಿದು.

ಪರದೆಯ ತಂತಿಗಳಲ್ಲಿ ಎಚ್.ಡಿ.ಎಂ.ಐ. ಚಪ್ಪಟೆಯಾಗಿದ್ದು ಚಿತ್ರ, ಧ್ವನಿ ಎರಡನ್ನೂ ಒಯ್ಯುವುದು. ಮೂರು ಸಾಲುಗಳಲ್ಲಿ 15 ಸೂಜಿಗಳಿಗೆ ಸ್ಥಳವಿರುವ, ಸಾಮಾನ್ಯವಾಗಿ ನೀಲಿಯಾದ ವಿ.ಜಿ.ಎ. ತಂತಿಗೆ ಚಿತ್ರ ಮಾತ್ರ.

ಐವಾನ್-ಎ-ಶಾಹಿಯ ಬಳಿಯ ನಮ್ಮ ಮನೆಯಲ್ಲಿ ಒಮ್ಮೆ ಈ ನೀಲಿ ತುದಿಯನ್ನು ನಾನು ತಲೆಕೆಳಗಾಗಿ ಹಿಡಿದು ಒತ್ತಿದೆ. ಮತ್ತೆ ಸರಿಯಾಗಿ ಸೇರಿಸಿದಾಗ ಬಿಳಿಯ ಪರದೆ ಹಳದಿಯಾಗಿತ್ತು. ಪರದೆಯೇ ಕೆಟ್ಟಿತೆಂದು ಹೊಸದರ ಬೆಲೆ ಕೇಳಲು ಸೂಪರ್ ಮಾರ್ಕೆಟ್ಟಿಗೆ ಹೊರಟಿದ್ದೆ. ತಿಂಗಳ ಸಂಬಳದಲ್ಲಿ ಅದು ಸಣ್ಣ ಮಾತಲ್ಲ. ಅಷ್ಟರಲ್ಲಿ ಬಂದ ಶಿಷ್ಯನೊಬ್ಬ ತುದಿಯನ್ನು ಬೆಳಕಿಗೆ ಹಿಡಿದು ನೋಡಿದ. ನೀಲಿ ಬಣ್ಣವನ್ನು ಒಯ್ಯುವ ಮೂರನೆಯ ಸೂಜಿ ಬಾಗಿತ್ತು! ಕೆಂಪು, ಹಸಿರು ಬೆಳಕುಗಳೆರಡೇ ಕೂಡಿದರೆ ಕಾಣುವುದು ಹಳದಿಯಷ್ಟೆ. ಯಂತ್ರವನ್ನು ಆರಿಸಿ, ಸೂಜಿಯನ್ನು ಮೆಲ್ಲನೆ ನೆಟ್ಟಗೆ ಮಾಡಿದ, ಬಿಳುಪು ಮರಳಿತು. ಪಾಠ ಹೇಳುವವನು ಅಂದು ಪಾಠ ಕಲಿತೆ.

ಆದುದರಿಂದ ತಂತಿಯನ್ನು ಬಿಚ್ಚುವ ಮೊದಲೇ ಅದಕ್ಕೊಂದು ಹೆಸರಿನ ಚೀಟಿ ಕಟ್ಟಿರಿ. ಸೇರಿಸುವಾಗ ತುದಿಯನ್ನೂ ಕಿಂಡಿಯನ್ನೂ ದೀಪದ ಬೆಳಕಿನಲ್ಲಿ ಹೋಲಿಸಿ ನೋಡಿರಿ. ಹೆಚ್ಚು ಬಲ ಬೇಕಾಯಿತೆಂದರೆ, ಗುರುತು ತಪ್ಪಿತೆಂದೇ ತಿಳಿದು ಕೈ ತಡೆಯಿರಿ.